ಗುಂಡಿನ ಮಳೆಯೂ ಒಂದು ಕಿರುಬೆರಳೂ

ಸಕ್ಕರೆ ಕಾಯಿಲೆಯವರನ್ನು ನೋಡಲು ಹೋಗುವಾಗ ಬಿಸ್ಕತ್ತಿನ ಪೊಟ್ಟಣ ಒಯ್ಯುವ ಜನ ಜಗತ್ತಿನಲ್ಲಿ ಬೇರೆಲ್ಲಾದರೂ ಇದ್ದಾರೋ ಇಲ್ಲವೋ ನಾನರಿಯೆ. ನಮ್ಮ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸೀಮೆಯಲ್ಲಂತೂ ಧಾರಾಳವಾಗಿ ಇದ್ದಾರೆ. ತೊರಗಲ್ಲಿನಲ್ಲಿರುವ ನನ್ನ ಈರಣ್ಣ ಕಾಕಾನ, ಎಂದರೆ ನನ್ನ ತಂದೆಯ ತಮ್ಮನ, ಮನೆಯ ಗೋಡೆಯ ಮಾಡದಲ್ಲಿ ಅಂಥ ಪೊಟ್ಟಣಗಳು ಒಂದರ ಮೇಲೊಂದು ಪೇರಿಸಿಕೊಂಡು ಕೂತಿದ್ದವು. ಕಾಯಿಲೆಯವರನ್ನು ಮಾತಾಡಿಸಿ ಬರುವುದು ನಮ್ಮಲ್ಲಿ ಧರ್ಮ; ಬರಿಗೈಯಲ್ಲಿ ಹೋಗಬಾರದೆಂಬುದು ಅದರ ಉಪಧರ್ಮ; ಒಯ್ದದ್ದು ಅವರಿಗೆ ಆಗಿಬರುತ್ತದೆಯೇ ಎಂದು ಯೋಚಿಸುವುದು ಮಾತ್ರ ಯಾರ ಧರ್ಮವೂ ಅಲ್ಲ.

ವಿಷಯ ಇಷ್ಟೇ. ಕಾಕಾನ ಎಡಗಾಲಿನ ಕಿರುಬೆರಳು ಕಪ್ಪಾಗಿತ್ತು. ಬೆಳಗಾವಿಯ ಡಾಕ್ಟರು ನೋಡಿ, ಬೆರಳನ್ನು ಬೇಗ ತೆಗೆದುಬಿಡೋಣ, ತಡಮಾಡಿದರೆ ವಿಷ ಮೇಲೇರುತ್ತದೆ, ಆಮೇಲೆ ಕಾಲಿನ ಮಾತಾಗುತ್ತದೆ ಎಂದರು. ಕಾಕಾ ಎಲ್ಲವನ್ನೂ ಕೇಳಿಸಿಕೊಂಡು, ಅವರಿಗೆ ಕೈಮುಗಿದು, ನೇರವಾಗಿ ಬಸ್ಸು ಹತ್ತಿ ಊರಿಗೆ ಬಂದು, ಅಲ್ಲಿನ ಹಳೆಯ ಕೋಟೆಯೊಳಗಿನ ತನ್ನ ಮನೆಯಲ್ಲಿ ಕೂತುಬಿಟ್ಟ. ಆ ಗಳಿಗೆಯಿಂದ ನಮ್ಮ ವಂಶ ಅವನ ಮೇಲೆ ಯುದ್ಧ ಸಾರಿತು.

ಯುದ್ಧವೆಂಬ ಮಾತನ್ನು ನಾನು ಸುಮ್ಮನೆ ಆಡುತ್ತಿಲ್ಲ, ಗೆಳೆಯರೇ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನನಗೆ ಈಗ ಕದನಗಳ ಕಥೆ ಓದುವುದೊಂದೇ ಚಟ. ನನ್ನ ಹೆಂಡತಿ ಗಂಗಾ, ‘ದಿನಾ ಚಾ ಕುಡಿಯೂದ್ರಾಗ ಒಂದಿಷ್ಟ ಮಂದಿ ಸಾಯಬೇಕ ನಿಮಗ’ ಎಂದು ಗೊಣಗುತ್ತಾಳೆ. ಸಮುದ್ರದ ಹತ್ತಿರ ಹೋದವನೇ ಅಲ್ಲದ ನನಗೆ ಸಮುದ್ರದಿಂದ ದಂಡು ಇಳಿಸುವ ಕದನಗಳ ಮೇಲೆಯೇ ವಿಶೇಷ ಪ್ರೀತಿ, ಅದಕ್ಕಿಂತ ವಿಶೇಷ ಸಿಟ್ಟು. ಏಕೆಂದರೆ ಅಲ್ಲಿ ಒಂದೇ ತಪ್ಪನ್ನು ದೊಡ್ಡ ದೊಡ್ಡ ಸೇನಾಪತಿಗಳು ಸಾಲುಗಟ್ಟಿ ಮಾಡಿದ್ದಾರೆ.

ದಂಡು ದಡಕ್ಕಿಳಿಯುವ ಮೊದಲು ಹಡಗುಗಳು ದೂರದಲ್ಲಿ ನಿಂತು ಗುಂಡಿನ ಮಳೆಗರೆಯುತ್ತವೆ. ದ್ವೀಪಕ್ಕೆ ದ್ವೀಪವೇ ಹೊಗೆಯಲ್ಲಿ ಮುಳುಗುತ್ತದೆ. ದುರ್ಬೀನು ಹಿಡಿದ ಸೇನಾಪತಿ, ಇನ್ನಲ್ಲಿ ಒಂದು ಇರುವೆಯೂ ಉಳಿದಿರಲಾರದು ಎಂದು ನಿಶ್ಚಯಿಸುತ್ತಾನೆ. ಹೊಗೆಯಿಂದಾಗಿ ತನಗೆ ಏನೂ ಕಾಣುತ್ತಿಲ್ಲವೆಂಬುದನ್ನೇ ಅಲ್ಲಿ ಏನೂ ಉಳಿದಿಲ್ಲವೆಂಬುದಕ್ಕೆ ಸಾಕ್ಷಿ ಮಾಡಿಕೊಳ್ಳುವ ಈ ಜಾಣತನಕ್ಕೆ ಏನೆನ್ನಬೇಕು? ಹಡಗಿನ ಗುಂಡು ಹೆಚ್ಚಾಗಿ ಅಡ್ಡಡ್ಡ ಹಾರುತ್ತದೆ. ಎದುರಿನ ದಿಬ್ಬಕ್ಕೆ ಬಡಿಯುತ್ತದೆ, ಇಲ್ಲವೇ ತಲೆಯ ಮೇಲಿಂದ ಹಾದುಹೋಗುತ್ತದೆ. ಮರದ ದಿಮ್ಮಿ, ಮರಳು, ಕಾಂಕ್ರೀಟು ಹೊದ್ದು ನೆಲದಡಿ ಕೂತವನಿಗೆ ಅದು ಬರಿಯ ಸಪ್ಪಳ. ಗುಂಡು ಹಾರಿಸದೆ ಸುಮ್ಮನಿರುವ ಅವನ ತೋಪು ಎಲ್ಲಿದೆಯೆಂದು ಹಡಗಿನವರಿಗೆ ಗೊತ್ತೇ ಇರುವುದಿಲ್ಲ. ಇಷ್ಟಾಗಿ, ತಮ್ಮ ದೋಣಿಗಳು ದಡ ಸಮೀಪಿಸಿದಾಗ ತಮ್ಮವರಿಗೇ ತಗಲೀತೆಂದು ಮಳೆ ನಿಲ್ಲಿಸಲೇಬೇಕು. ಆ ಬಿಡುವಿನಲ್ಲಿ ಒಳಗಿದ್ದವನು ಮೈಕೊಡವಿಕೊಂಡು ಮೇಲೆ ಬರುತ್ತಾನೆ. ಕಳೆದ ಮಹಾಯುದ್ಧದಲ್ಲಂತೂ ಒಂದು ದಡದ ಮೇಲೆ ಹಾಕಬೇಕಾದ ಬಾಂಬುಗಳನ್ನು ವಿಮಾನದವರು, ಮೋಡದ ಮೇಲಿಂದ ತಮ್ಮವರ ಮೇಲೆ ಬಿದ್ದಾವೆಂದು ಹೆದರಿ ತುಸು ತಡೆದು ಬಿಟ್ಟು, ಹಿಂದಿದ್ದ ಹೊಲಗಳನ್ನು ಉತ್ತು ಬಂದರು. ದಡದ ಮೇಲಿನ ಶತ್ರು ಹಾಗೆಯೇ ಇದ್ದ, ಇಳಿದ ಹುಡುಗರು ನೀರಿನಲ್ಲೇ ಸತ್ತರು.

ಇದನ್ನೆಲ್ಲ ಓದಿ ಹಲ್ಲು ಕಡಿಯುವ ನನ್ನ ಕಣ್ಣೆದುರಿಗೇ ನಮ್ಮವರು ಅದನ್ನೇ ಮಾಡಿದರು. ನೇಸರಗಿಯ ಅತ್ತೆ, ನನ್ನ ತಂದೆಗೂ ಕಾಕಾನಿಗೂ ತಂಗಿ, ಬೆಳಗಾದರೆ ಫೋನು ಹಚ್ಚಿ ಅಳುತ್ತಿದ್ದಳು. ಮುನವಳ್ಳಿಯ ಬೀಗರು ಮಧ್ಯಾಹ್ನ ಬೆದರಿಸುತ್ತಿದ್ದರು. ಸವದತ್ತಿಯಿಂದ ಯಾರೋ ಕತ್ತರಿಸಿದ ಕಾಲುಗಳ ವೀಡಿಯೋ ಕಳಿಸಿದರು. ಸಂಜೆ ನಾನು, ಆ ಬೆರಳು, ಆ ರಕ್ತನಾಳ, ಆ ವಿಷ ಎಂದು ಪಾಠ ಮಾಡುತ್ತಿದ್ದೆ. ಎಲ್ಲದಕ್ಕೂ ಅತ್ತಲಿಂದ ಒಂದೇ ಉತ್ತರ: ‘ಹೂಂ, ನೋಡೂಣು.’ ಆ ‘ಹೂಂ’ ಕೇಳಿ ನಾವೆಲ್ಲ, ಕಾಕಾ ಮೆತ್ತಗಾದ, ಇನ್ನು ಹೋಗಿ ಎಬ್ಬಿಸಿಕೊಂಡು ಬರುವುದಷ್ಟೇ ಬಾಕಿ ಎಂದುಕೊಂಡೆವು. ಹೀಗೇ ಒಂದು ವಾರ ಕಳೆಯಿತು.

ಕೊನೆಗೆ ಅತ್ತೆ, ಬೀಗರು, ನಾನು, ಗಂಗಾ ಎಲ್ಲ ಒಂದು ಗಾಡಿ ಮಾಡಿಕೊಂಡು ಹೊರಟೆವು. ಹೊರಡುವ ಹಿಂದಿನ ದಿನವೇ ಅತ್ತೆ, ‘ನಾಳೆ ಎಲ್ಲಾರೂ ಬರಾಕತ್ತೇವಿ’ ಎಂದು ಸುದ್ದಿ ಮುಟ್ಟಿಸಿದ್ದಳು. ಹೇಳದೆ ಕೇಳದೆ ಹೋಗುವುದು ನಮ್ಮಲ್ಲಿ ಮರ್ಯಾದೆಯಲ್ಲವಲ್ಲ. ಪರಿಣಾಮ ಏನಾಯಿತೆಂದರೆ, ನಾವು ಹೊಸ್ತಿಲು ತುಳಿಯುವ ಮೊದಲೇ ಹೂರಣದ ಪರಿಮಳ ಬೀದಿಗೆ ಬಂದಿತ್ತು. ಕಾಕಾನ ಹೆಂಡತಿ, ನನ್ನ ಚಿಗವ್ವ, ತಂಬಿಗೆಯ ನೀರು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

‘ಚಿಗವ್ವಾ, ಮೊದಲ ಮಾತು ಮುಗಸೂಣು,’ ಎಂದೆ.

‘ಮಾತ ಎಲ್ಲಿ ಓಡಿ ಹೊಕ್ಕಾವೋ ತಮ್ಮಾ? ಊಟಾ ಆದಮ್ಯಾಲ ಮಾತಾಡೂಣು, ಕೈಕಾಲ ತೊಕ್ಕೋರಿ ಎಲ್ಲಾರೂ.’

ಹೋಳಿಗೆ ಬಂತು, ಅದರ ಮೇಲೆ ತುಪ್ಪ ಬಂತು, ಕಟ್ಟಿನ ಸಾರು ಬಂತು, ಒಲ್ಲೆನೆಂದವರಿಗೆ ಇನ್ನೊಂದು ಹೋಳಿಗೆ ಬಂತು. ಅವರ ಮನೆಯ ತುಪ್ಪ ಉಂಡು ಕೈ ಇನ್ನೂ ಜಿಡ್ಡಾಗಿರುವಾಗ ಅವರನ್ನೇ ಬೈಯುವ ಎದೆಗಾರಿಕೆ ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲ. ಬೆದರಿಸಲು ಬಂದಿದ್ದ ಮುನವಳ್ಳಿಯ ಬೀಗರು ಗೋಡೆಗೊರಗಿ ಕಣ್ಣು ಮುಚ್ಚಿದರು. ಅತ್ತೆ ಚಿಗವ್ವನೊಡನೆ ಯಾರದೋ ಮದುವೆಯ ಮಾತಿಗಿಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಎಲೆಯಡಿಕೆಯ ತಟ್ಟೆಯನ್ನು ನನ್ನ ಕಡೆ ಸರಿಸಿ, ಬಟ್ಟೆ ಸುತ್ತಿದ ಕಾಲನ್ನು ಚಾಪೆಯ ಮೇಲೆ ಚಾಚಿ, ಶಾಂತವಾಗಿ ಹೇಳಿದ:

‘ಫೋನಿನ್ಯಾಗ ಹೇಳಿದ್ದೆಲ್ಲಾ ಕೇಳೇನಿ ತಮ್ಮಾ. ಮತ್ತ ಹೇಳಬ್ಯಾಡ. ನಿಮ್ಮಪ್ಪಗೂ ಮೊದಲ ಬೆರಳ ಅಂದಿದ್ರು. ಆಮ್ಯಾಲ ಪಾದ ಅಂದ್ರು, ಆಮ್ಯಾಲ ಮೊಣಕಾಲ ಅಂದ್ರು. ಕಡೀಕ ಆ ದವಾಖಾನಿಯಿಂದ ಮನಿಗೆ ತಂದಿದ್ದು ಹೆಣಾನ. ನಾ ಇಲ್ಲೇ ಇರತೇನಿ.’

ಇಷ್ಟು ದಿನ ನಾವು ಬೆರಳಿನ ಮೇಲೆ, ಹಟದ ಮೇಲೆ, ಖರ್ಚಿನ ಹೆದರಿಕೆಯ ಮೇಲೆ ಮಾತು ಸುರಿದಿದ್ದೆವು. ಕಾಕಾ ಅಡಗಿ ಕೂತದ್ದು ಅವುಗಳಲ್ಲಿ ಯಾವುದರಲ್ಲೂ ಅಲ್ಲ, ನನ್ನ ತಂದೆಯ ಸಾವಿನಲ್ಲಿ. ಆ ಸಾವಿನ ಹೆಸರೆತ್ತುವುದು ನಮಗೆಲ್ಲರಿಗೂ ಸಂಕಟವಾದ್ದರಿಂದ ಅತ್ತ ಒಂದು ಮಾತೂ ಹೋಗಿರಲಿಲ್ಲ.

ಆಗ ಎಂಜಲು ಬಳಿಯುತ್ತಿದ್ದ ಗಂಗಾ ಕೈಯಲ್ಲಿ ಅರಿವೆ ಹಿಡಿದುಕೊಂಡೇ ಬಂದು ಕಾಕಾನ ಕಾಲ ಬಳಿ ಕೂತಳು. ನನ್ನ ತಂದೆಯ ಗಾಯವನ್ನು ಕೊನೆಗಾಲದಲ್ಲಿ ದಿನವೂ ತೊಳೆದವಳು ಅವಳು.

‘ಕಾಕಾರ, ಮಾವನೋರು ಆ ಬೆರಳ ಎರಡ ತಿಂಗಳ ಮುಚ್ಚಿಟ್ಟಿದ್ರು. ಮನ್ಯಾಗ ಕುಂತಾಗೂ ಕಾಲಚೀಲಾ ತಗೀತಿರಲಿಲ್ಲ. ವಾಸನಿ ಬಂದಮ್ಯಾಲ ನಾನ ಜಗ್ಗಿ ತಗದೆ. ಡಾಕ್ಟರ ಮುಂದ ಹೋಗೂದ್ರಾಗ ವಿಷ ಪಾದಕ್ಕ ಏರಿತ್ತು. ದವಾಖಾನಿಗೆ ಹೋಗಿದ್ದಕ್ಕ ಅವರು ತೀರಿಕೊಳ್ಳಲಿಲ್ರಿ, ತಡಾ ಮಾಡಿದ್ದಕ್ಕ ತೀರಿಕೊಂಡ್ರು.’

ಕಾಕಾ ಚಾಚಿದ್ದ ಕಾಲನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ನನ್ನ ಕಡೆ ತಿರುಗಿ, ‘ಇದನ್ನ ನನಗ ಯಾರೂ ಹೇಳಲಿಲ್ಲಲ್ಲೋ,’ ಎಂದ. ಗೋಡೆ ಹಿಡಿದು ಏಳುತ್ತ, ‘ಗಾಡಿ ಹೊರಗ ಐತೇನು?’ ಎಂದು ಕೇಳಿದ.

ಬೆಳಗಾವಿಯ ದಾರಿಯಲ್ಲಿ ನಾನು ಗಂಗಾಳ ಮೇಲೆ ಸಿಡುಕಿದೆ: ಇದನ್ನು ಮೊದಲ ದಿನವೇ ಫೋನಿನಲ್ಲಿ ಹೇಳಬಾರದಿತ್ತೇ?

‘ಫೋನ ನನ್ನ ಕೈಯಾಗ ಯಾವಾಗ ಕೊಟ್ರಿ?’ ಎಂದು ಅವಳು ಕಿಟಕಿಯ ಹೊರಗೆ ನೋಡಿದಳು.

ಮರುದಿನ ಡಾಕ್ಟರು ಹೊರಗೆ ಬಂದು, ಎರಡು ಬೆರಳು ತೆಗೆಯಬೇಕಾಯಿತು, ಕಾಲು ಉಳಿಯುತ್ತದೆ, ಒಂದು ವಾರ ಮೊದಲು ಬಂದಿದ್ದರೆ ಒಂದರಲ್ಲೇ ಮುಗಿಯುತ್ತಿತ್ತು ಎಂದರು. ಕಾಲು ಉಳಿಯುತ್ತದೆ ಎಂಬ ಮಾತಿಗೆ ಚಿಗವ್ವ ಅಲ್ಲೇ ಬೆಂಚಿನ ಮೇಲೆ ಕುಸಿದು ಅತ್ತಳು. ಗಂಗಾ ಅವಳ ಬೆನ್ನು ಸವರುತ್ತ ಕೂತಳು. ಆಗಲೇ ಅತ್ತೆ ನನ್ನ ಭುಜ ತಟ್ಟಿದಳು.

‘ನೋಡಿದಿ? ನಾ ಬಿಡದ ಫೋನ ಹಚ್ಚಿದ್ದಕ್ಕ ಅಣ್ಣ ಹಾದಿಗೆ ಬಂದಾ. ನೀವೆಲ್ಲಾ ಮೆತ್ತಗ ಮಾತಾಡ್ತಿದ್ರಿ.’

ಎರಡನೆಯ ಬೆರಳು ಹೋದದ್ದೇ ನಾವು ಫೋನು ಹಚ್ಚುತ್ತ ಕೂತ ವಾರದಲ್ಲಿ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ, ಗೆದ್ದ ಸುದ್ದಿ ಮುಟ್ಟಿಸಲು, ಸವದತ್ತಿಗೆ ಫೋನು ಹಚ್ಚಿಯಾಗಿತ್ತು.