ಒಂದೇ ಸಲ ಕೇಳುವ ಸಭೆ

ನಾನು ಏಳು ವರ್ಷ ಒಂದು ವಿದೇಶಿ ಕಲಾ ಟ್ರಸ್ಟಿನ ಆಡಳಿತ ಮಂಡಳಿಯಲ್ಲಿದ್ದೆ ಎಂದರೆ ಹಗರಿಬೊಮ್ಮನಹಳ್ಳಿಯಲ್ಲಿ ಈಗಲೂ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದ ಹೆಂಗಸನ್ನು ನೋಡಿ ಯಾರಿಗೆ ತಾನೇ ಅಂಥ ಅನುಮಾನ ಬಂದೀತು? ಆದರೆ ಟ್ರಸ್ಟಿನ ಕಾಗದದ ನೆತ್ತಿಯ ಮೇಲೆ ಎಂಟು ಹೆಸರುಗಳನ್ನು ಅಚ್ಚು ಹಾಕಿಸಿದ್ದರು. ಎಂಟನೆಯದು ನನ್ನದು. ಆ ಕಾಗದ ಮೊದಲ ಸಲ ಬಂದ ದಿನ ಅದನ್ನು ನಾಲ್ಕು ಸಲ ಓದಿದೆ, ತೋರಿಸಲು ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಐದನೆಯ ಸಲವೂ ನಾನೇ ಓದಿದೆ.

ಅದು ಶುರುವಾದದ್ದು ತೊಂಬತ್ತರ ದಶಕದ ನಡುವೆ. ತೊಗಲುಗೊಂಬೆಯಾಟ ನೋಡಲು ಆ ಟ್ರಸ್ಟಿನ ಕಡೆಯಿಂದ ಒಬ್ಬ ಹೆಂಗಸು ಬಂದಿದ್ದಳು. ತಂಬ್ರಹಳ್ಳಿಯ ಅಂಚಿನಲ್ಲಿ ಗೊಂಬೆ ಆಡಿಸುವ ಮುದುಕ, ಮುದುಕಿ ಇದ್ದರು. ಇಂಗ್ಲಿಷ್ ಬಲ್ಲವಳೆಂದು ಮಾತು ತಿಳಿಸಿ ಹೇಳಲು ನನ್ನನ್ನು ಕರೆದೊಯ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ಮುದುಕಿ ರೊಟ್ಟಿ ಹಿಡಿದುಕೊಂಡು ಬಂದು ಇನ್ನೊಂದು ಹಾಕಲೇ ಎಂದಳು. ಆ ಹೆಂಗಸು ತಕ್ಷಣ ತಲೆಯಾಡಿಸಿ ತಟ್ಟೆ ಮುಂದೆ ಚಾಚಿದಳು. ಮುದುಕಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು.

"ನೋಡವ್ವಾ, ಒಂದ ಸಲಕ್ಕ ಹೂಂ ಅಂದ್ಲು! ಎಷ್ಟು ಹಸದಾಳೋ ಏನೋ, ಪಾಪ."

ನಮ್ಮ ಕಡೆ ಮೊದಲ ಸಲ ಕೇಳಿದಾಗ ಬೇಡ ಎನ್ನಬೇಕು. ಎರಡನೆಯ ಸಲಕ್ಕೆ ಸುಮ್ಮನಿರಬೇಕು. ಮೂರನೆಯ ಸಲ ಕೇಳಿದರೆ ಮಾತ್ರ ಅವರಿಗೆ ನಿಜವಾಗಿ ಕೊಡುವ ಮನಸ್ಸಿದೆ, ನಾವು ಒಪ್ಪಬಹುದು ಎಂದು ಲೆಕ್ಕ. ಇದು ರೊಟ್ಟಿಗಷ್ಟೇ ಅಲ್ಲ. ಚಿಗಟೇರಿಯಲ್ಲಿ ನನ್ನ ಅಜ್ಜನ ಮನೆಯ ಕಟ್ಟೆಯ ಮೇಲೆ ಹಿರಿಯರು ಸೇರಿ ಓಣಿಯ ವಿಷಯ ತೀರ್ಮಾನಿಸುವಾಗಲೂ ಇದೇ ನಡೆಯುತ್ತಿತ್ತು. "ಏನಂತೀರಿ?" ಎಂದು ಅಜ್ಜ ಮೊದಲ ಸಲ ಕೇಳಿದಾಗ ಎಲ್ಲರೂ ಎಲೆ ಅಡಿಕೆ ಅಗಿಯುತ್ತ ನೆಲ ನೋಡುತ್ತಿದ್ದರು. ಎರಡನೆಯ ಸಲಕ್ಕೆ ಯಾರಾದರೂ ಕೆಮ್ಮುತ್ತಿದ್ದರು. ಮೂರನೆಯ ಸಲ ಕೇಳಿದ ಮೇಲೆಯೇ ಬಾಯಿ ಬಿಡುತ್ತಿದ್ದದ್ದು. ಅದಕ್ಕೂ ಮೊದಲು ಮಾತಾಡಿದವನನ್ನು ಆತುರಗೇಡಿ ಎಂದೋ ಆಸೆಬುರುಕ ಎಂದೋ ಕರೆಯುತ್ತಿದ್ದರು. ಬಾಗಿಲ ಹಿಂದೆ ನಿಂತು ನಾನು ಕಲಿತ ಪಾಠ ಅದು. ಆ ಹೆಂಗಸಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ, ಅವಳು ನಗುತ್ತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅವರ ಪದ್ಧತಿ ಬೇರೆ ಎಂಬುದು ನನಗೆ ಅಂದೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಇವತ್ತು ಹೇಳಿದರೆ ಸುಳ್ಳಾಗುತ್ತದೆ.

ಅವಳು ಹಿಂದಿರುಗಿ ಏನು ಹೇಳಿದಳೋ, ಕಲೆ ಬದುಕಿರುವ ಊರಿನವರೊಬ್ಬರು ಮಂಡಳಿಯಲ್ಲಿ ಇರಬೇಕೆಂದು ನನಗೆ ಪತ್ರ ಬಂತು.

ಮೂರು ತಿಂಗಳಿಗೊಮ್ಮೆ ಸಭೆ, ಎಲ್ಲರೂ ಒಂದೇ ಫೋನ್ ಲೈನಿನಲ್ಲಿ. ಉಳಿದ ಏಳು ಜನ ಬೇರೆ ಬೇರೆ ದೇಶದವರು. ನಾನು ಅವರ ಯಾರ ಮುಖವನ್ನೂ ನೋಡಲಿಲ್ಲ. ನನ್ನ ಮನೆಯಲ್ಲಿ ಫೋನ್ ಇರಲಿಲ್ಲ, ಹಾಗಾಗಿ ಬಸ್ ನಿಲ್ದಾಣದ ಎದುರಿನ ಎಸ್‌ಟಿಡಿ ಬೂತಿಗೆ ಸಂಜೆ ಐದಕ್ಕೆ ಕರೆ ಬರುತ್ತಿತ್ತು. ಬೂತಿನ ಸಾಹೇಬರು ಒಂದು ಮೂಲೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ನಾನು ಬಂದೊಡನೆ ಹಾಡುತ್ತಿದ್ದ ರೇಡಿಯೋಗಳನ್ನೆಲ್ಲ ಬಾಯಿ ಮುಚ್ಚಿಸಿ, "ಬರ್ರಿ ಟೀಚರಮ್ಮ, ನಿಮ್ಮ ಫಾರಿನ್ ಮೀಟಿಂಗ್ ಐತಿ ಅಂತ ಎಲ್ಲಾ ಬಂದ್ ಮಾಡೀನಿ. ಆರಾಮ್ ಮಾತಾಡ್ರಿ" ಎನ್ನುತ್ತಿದ್ದರು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗುತ್ತಿದ್ದೆ. ಫೋನಿನಲ್ಲಿ ಸೀರೆ ಯಾರಿಗೆ ಕಾಣುತ್ತದೆ ಎಂದು ಕೇಳಬೇಡಿ. ಆ ಊರಿನಲ್ಲಿ ನನ್ನನ್ನು ಕಾಯುವ ಜಾಗ ಬೇರೆ ಯಾವುದೂ ಇರಲಿಲ್ಲ.

ಅಧ್ಯಕ್ಷರದು ಮೆತ್ತಗಿನ, ವಯಸ್ಸಾದ ದನಿ. ಒಬ್ಬಾಕೆಯ ಮನೆಯಲ್ಲಿ ನಾಯಿ ಬೊಗಳುತ್ತಿತ್ತು. ಇನ್ನೊಬ್ಬರು ಸಭೆಯುದ್ದಕ್ಕೂ ಚಮಚದಿಂದ ಕಪ್ಪು ತಿರುವುತ್ತಿದ್ದರು. ಅಧ್ಯಕ್ಷರು ಪ್ರತಿ ಸಲ ಮೊದಲು ನನ್ನನ್ನೇ ಕೇಳುತ್ತಿದ್ದರು, ನಿಮ್ಮಲ್ಲಿ ಹವೆ ಹೇಗಿದೆ ಎಂದು. ಒಂದು ವಾರ ಮುಂಚಿನಿಂದಲೇ ನಾನು ಅದಕ್ಕೆ ಉತ್ತರ ಕಟ್ಟುತ್ತಿದ್ದೆ. ಹೇಳಿ ಮುಗಿಸಿದ ಮೇಲೆ ಸಭೆ ಮುಗಿಯುವವರೆಗೂ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಆದರೂ ಆ ಏಳು ದನಿಗಳು ನನ್ನವರು ಅನ್ನಿಸುತ್ತಿತ್ತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಭಾನುವಾರ ಮಾತ್ರ ತಂಬ್ರಹಳ್ಳಿಯ ಬಸ್ಸು ಹತ್ತಿ ಮುದುಕಿಯ ಮನೆಗೆ ಹೋಗುತ್ತಿದ್ದೆ. "ಬಾರವ್ವಾ ಮಗಳ, ಇವತ್ತ ತಡಾ ಮಾಡೀದಿ" ಎನ್ನುತ್ತಿದ್ದಳು. ಊಟ ಮಾಡು ಎಂದರೆ ಬೇಡ ಎನ್ನುತ್ತಿದ್ದೆ, ಮತ್ತೆ ಕೇಳುತ್ತಿದ್ದಳು, ಸುಮ್ಮನಿರುತ್ತಿದ್ದೆ, ಮೂರನೆಯ ಸಲ ಕೇಳುತ್ತಲೇ ತಟ್ಟೆಗೆ ರೊಟ್ಟಿ ಹಾಕಿಬಿಡುತ್ತಿದ್ದಳು. ಆ ಮನೆಯೊಂದರಲ್ಲೇ ನಾನು ಟೀಚರ್ ಆಗಿರಲಿಲ್ಲ.

ಟ್ರಸ್ಟಿನವರು ಅವರಿಗೆ ಹೊಸ ಗೊಂಬೆಗಳನ್ನು ಮಾಡಿಸಿಕೊಟ್ಟು, ಹಳೆಯವನ್ನು ತಮ್ಮದೆಂದು ಕಾಗದದಲ್ಲಿ ಬರೆಸಿಕೊಂಡಿದ್ದರು. ಆ ಹಳೆಯವು ಒಂದು ತಗಡಿನ ಟ್ರಂಕಿನಲ್ಲಿ ನನ್ನ ಮನೆಯಲ್ಲೇ ಇದ್ದವು. ನಾಲ್ಕನೆಯ ವರ್ಷ ಮುದುಕ ತೀರಿಕೊಂಡ. ದಿನಕರ್ಮ ಮುಗಿದ ಮೇಲೆ ಮುದುಕಿ ನನ್ನ ಕೈ ಹಿಡಿದುಕೊಂಡಳು.

"ಟ್ರಸ್ಟಿನ್ಯಾಗಿನ ನಮ್ಮವ್ರಿಗೆ ಹೇಳವ್ವಾ. ಹೊಸಾ ಗೊಂಬಿ ಕೊಟ್ಟಾರ, ಅವ್ರ ಹೊಟ್ಟಿ ತಣ್ಣಗಿರ್ಲಿ. ಹಳೇವು ಮಾತ್ರ ಹೊಳಿಗೆ ಬಿಡಬೇಕು. ಆಡಿ ಆಡಿ ಸವದ ಗೊಂಬೀನ ಸುಡಬಾರ್ದು, ಮಾರಬಾರ್ದು, ಹೊಳಿಗೇ ಬಿಡಬೇಕು. ನಮ್ಮ ಮಾವನ ಗೊಂಬೀನೂ ಹಡಗಲಿ ಕಡಿ ಹೋಗಿ ಹೊಳ್ಯಾಗ ಬಿಟ್ಟು ಬಂದಿದ್ವಿ. ಮುದುಕ ಅದನ್ನೊಂದು ಹೇಳಿ ಹೋಗ್ಯಾನ."

"ಹೇಳ್ತೀನಿ ಬಿಡು ಯವ್ವಾ. ಮೀಟಿಂಗಿನ್ಯಾಗ ನಾ ಇಲ್ಲೇನು?" ಎಂದೆ. ಎಷ್ಟು ಸಲೀಸಾಗಿ ಅಂದೆ!

ಮುಂದಿನ ಸಭೆಯಲ್ಲಿ ಹಳೆಯ ಗೊಂಬೆಗಳದ್ದು ಐದನೆಯ ವಿಷಯವಾಗಿತ್ತು. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಕೈಯಲ್ಲಿ ಹಿಡಿದಿದ್ದೆ. ಅಧ್ಯಕ್ಷರು ಸಂತೋಷದ ಸುದ್ದಿಯೊಂದಿದೆ ಎಂದರು. ದೊಡ್ಡ ಮ್ಯೂಸಿಯಮ್ಮೊಂದು ಹಳೆಯ ಗೊಂಬೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಲು ಒಪ್ಪಿತ್ತು. ಹುಳ ತಿನ್ನುವುದಿಲ್ಲ, ಬಣ್ಣ ಹಾರುವುದಿಲ್ಲ. ಎಲ್ಲರೂ ಖುಷಿಪಟ್ಟರು, ನಾಯಿಯ ಮನೆಯಾಕೆ ಅತ್ತೇ ಬಿಟ್ಟಳೇನೋ. ಕೆಟ್ಟ ಜನ ಅಲ್ಲ ಅವರು. ಆಮೇಲೆ ಅಧ್ಯಕ್ಷರು ಕೇಳಿದರು, ಯಾರದಾದರೂ ವಿರೋಧವಿದೆಯೇ?

ನಾನು ಸುಮ್ಮನಿದ್ದೆ. ಚಮಚದ ಸದ್ದು ಕೇಳುತ್ತಿತ್ತು. ಇನ್ನೊಂದು ಸಲ ಕೇಳಲಿ ಎಂದು ಕಾದೆ.

ಒಳ್ಳೆಯದು, ಎಲ್ಲರ ಒಪ್ಪಿಗೆಯಿದೆ, ಮುಂದಿನ ವಿಷಯ ಎಂದರು.

ಆಗಲೂ ತಡವಾಗಿರಲಿಲ್ಲ. ಇನ್ನೂ ಅರ್ಧ ಗಂಟೆ ಸಭೆ ನಡೆಯಿತು. ಒಂದು ನಿಮಿಷ ಎಂದು ಬಾಯಿ ಹಾಕಿದ್ದರೆ ಮುಗಿಯುತ್ತಿತ್ತು. ಅಜ್ಜನ ಕಟ್ಟೆಯ ರೂಢಿ ನನ್ನ ನಾಲಿಗೆ ಕಟ್ಟಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಮೊದಲ ನಿಮಿಷದ ಮಟ್ಟಿಗೆ ಸರಿ. ಉಳಿದ ಅರ್ಧ ಗಂಟೆ ನನ್ನ ಬಾಯಿ ಕಟ್ಟಿದ್ದು ಭಯ. ಅಷ್ಟು ಖುಷಿಯಲ್ಲಿದ್ದ ಆ ಏಳು ದನಿಗಳು ನನ್ನ ಮಾತಿನಿಂದ ತಣ್ಣಗಾದರೆ, ಮುಂದಿನ ಸಲ ಹವೆಯನ್ನೂ ಕೇಳದಿದ್ದರೆ ಎಂಬ ಭಯ. ಕೊನೆಗೆ ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ.

"ಇವತ್ತೇನ್ರಿ ಟೀಚರಮ್ಮ, ಮಾತೇ ಕೇಳ್ಸಲಿಲ್ಲ ನಿಮ್ಮದು? ಲೈನ್ ಸರಿ ಇತ್ತಿಲ್ಲೋ?" ಎಂದರು ಸಾಹೇಬರು.

"ಲೈನ್ ಸರಿ ಇತ್ರಿ" ಎಂದೆ.

ಮನೆಗೆ ಬಂದು ಮುದುಕಿಯ ಮಾತು ತಿಳಿಸಿ ಅಧ್ಯಕ್ಷರಿಗೆ ಉದ್ದದ ಪತ್ರ ಬರೆದೆ. ಉತ್ತರ ಬರುವುದಕ್ಕೆ ಮೊದಲೇ ವ್ಯಾನು ಬಂತು. ಟ್ರಂಕು ಒಯ್ಯಲು ಬಂದವರಿಗೆ ನಾನು ಬಾಗಿಲು ತೆಗೆಯದೆ ಇರಬಹುದಿತ್ತು. ತೆಗೆದೆ. ಒಂದು ಸಲ ನೋಡಿ ಕೊಡುತ್ತೇನೆಂದು ಮುಚ್ಚಳ ಎತ್ತಿದೆ. ಎಲ್ಲಕ್ಕೂ ಮೇಲೆ ರಾಣಿಗೊಂಬೆ ಇತ್ತು. ಮುದುಕನ ಬೆರಳು ತಾಗಿ ತಾಗಿ ಅದರ ಒಂದು ಕೈ ಹಪ್ಪಳದ ಹಾಗೆ ತೆಳ್ಳಗಾಗಿತ್ತು. ಮುಚ್ಚಿ, ಕಾಗದಕ್ಕೆ ಸಹಿ ಹಾಕಿದೆ. ಮುಂದಿನ ಸಭೆಯಲ್ಲಿ ಅಧ್ಯಕ್ಷರು ಹವೆ ಕೇಳುವ ಮೊದಲೇ ಕ್ಷಮೆ ಕೇಳಿದರು. ಗೊಂಬೆಗಳು ಹಡಗು ಹತ್ತಿಯಾಗಿದೆ, ನೀವು ಅಂದೇ ಹೇಳಬೇಕಿತ್ತಲ್ಲ ಎಂದರು. ಅವರ ಮಾತು ಸರಿಯಾಗಿತ್ತು.

ಅಷ್ಟು ದಿನವೂ ನಾನು ತಂಬ್ರಹಳ್ಳಿಗೆ ಹೋಗಿರಲಿಲ್ಲ. ಕೊನೆಗೊಂದು ಭಾನುವಾರ ಧೈರ್ಯ ಮಾಡಿ ಹೋದೆ. ಮುದುಕಿ ಗೂಡಿನಿಂದ ಒಂದು ಲಕೋಟೆ ತಂದು ಕೊಟ್ಟಳು.

"ನಮ್ಮವ್ರ ಕಾಗದ ಬಂದೈತಿ. ಇಲ್ಲಿ ಯಾರಿಗೂ ಓದಾಕ ಬರ್ಲಿಲ್ಲ. ನೀ ಬರ್ತಿ ಅಂತ ಇಟ್ಟೀನಿ. ಗೊಂಬಿ ಯಾವಾಗ ಕೊಡ್ತಾರಂತ?"

ಓದಿದೆ. ಗೊಂಬೆಗಳು ಸುರಕ್ಷಿತವಾಗಿ ತಲುಪಿವೆ, ನಿಮ್ಮ ಕುಟುಂಬಕ್ಕೆ ನಾವು ಋಣಿ ಎಂದಿತ್ತು. ನಿಮ್ಮ ಊರ ಕಡೆಯ ನಮ್ಮ ಟ್ರಸ್ಟಿಯೂ ಸೇರಿದಂತೆ ಎಲ್ಲರೂ ಒಮ್ಮತದಿಂದ ಒಪ್ಪಿದ ತೀರ್ಮಾನವಿದು ಎಂದಿತ್ತು. ಆ ಸಾಲನ್ನು ನುಂಗಿಬಿಡಬಹುದಿತ್ತು, ಅವಳಿಗೆ ತಿಳಿಯುತ್ತಿರಲಿಲ್ಲ. ನುಂಗಲಿಲ್ಲ. ಈ ಇಡೀ ಕಥೆಯಲ್ಲಿ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು.

"ನೀ ಹೇಳ್ಲಿಲ್ಲೇನು?" ಎಂದಳು.

"ಅವ್ರು ಒಂದ ಸಲ ಕೇಳಿದ್ರು ಯವ್ವಾ. ಇನ್ನೊಂದ ಸಲ ಕೇಳ್ತಾರ ಅಂತ..."

ಮುದುಕಿ ನನ್ನನ್ನೇ ನೋಡಿದಳು. "ಅದೇನು ರೊಟ್ಟಿ ಏನವ್ವಾ?"

ಅವಳು ಬೈಯಲಿಲ್ಲ, ಅಳಲಿಲ್ಲ. ಲಕೋಟೆಯನ್ನು ನನ್ನ ಕೈಯಲ್ಲೇ ಬಿಟ್ಟು, ಮೊಣಕಾಲಿಗೆ ಕೈಯೂರಿ ಎದ್ದಳು. ಒಲೆಯ ಮೇಲೆ ಹಂಚು ಕಾದಿತ್ತು, ರೊಟ್ಟಿಯ ವಾಸನೆ ಬರುತ್ತಿತ್ತು. ಬಾಗಿಲ ಹತ್ತಿರ ನಿಂತು ತಿರುಗಿದಳು.

"ಊಟ ಮಾಡ್ತೀರೇನ್ರಿ, ಟೀಚರ್?"

"ಬ್ಯಾಡ ಯವ್ವಾ" ಎಂದೆ, ರೂಢಿಯಂತೆ.

ಅವಳು ಒಳಗೆ ಹೋದಳು. ನಾನು ಚಾಪೆಯ ಮೇಲೆ ಕೂತು ಕಾದೆ. ಒಳಗೆ ಹಂಚು ಇಳಿಸಿದ ಸದ್ದಾಯಿತು, ಆಮೇಲೆ ಒಲೆಗೆ ನೀರು ಚಿಮುಕಿಸಿದ ಸದ್ದು. ಅವಳು ಮತ್ತೆ ಕೇಳಲಿಲ್ಲ. ನಾಲ್ಕರ ಬಸ್ಸಿನ ಹೊತ್ತಾಗಿತ್ತು, ಎದ್ದು ಬಂದೆ.