ಮಾಣಿಕಪ್ಪನ ಮೂರು ‘ಕೇಳ್ರಿ’

ರಸ್ತೆಯಲ್ಲಿ ಮೈಕ್ ಕಟ್ಟಿದ ಆಟೊ ಬರುವ ಸದ್ದಾದರೆ ನಾನು ಎದ್ದು ಹೋಗಿ ಕಿಟಕಿ ಹಾಕುತ್ತೇನೆ. ಮನೆಯವಳು ಇದನ್ನು ವಯಸ್ಸಾದ ಲಕ್ಷಣ ಎನ್ನುತ್ತಾಳೆ. ಗದ್ದಲ ಸಹಿಸದ ವಯಸ್ಸು ನನ್ನದು, ನಿಜ. ಆದರೆ ಕಾರಣ ಅದಲ್ಲ. ಸೋಫಾ ಕೊಳ್ಳಿರೆಂದು ಆಟೊದೊಳಗಿಂದ ಕೂಗುವ ಆ ದನಿಯನ್ನು ತಯಾರು ಮಾಡಿದವನು ನಾನೇ.

ಹುಮನಾಬಾದಿನಲ್ಲಿ ನನ್ನದೊಂದು ಪ್ರಚಾರದ ಅಂಗಡಿ ಇದೆ. ಮೊದಲು ಬೋರ್ಡಿನ ಮೇಲೆ ‘ಕರಪತ್ರ, ಲಗ್ನಪತ್ರಿಕೆ, ಬ್ಯಾನರ್’ ಎಂದಿತ್ತು. ಈಗ ‘ಡಿಜಿಟಲ್ ಮಾರ್ಕೆಟಿಂಗ್’ ಎಂದಿದೆ. ಬೋರ್ಡು ಬದಲಾಯಿತೇ ಹೊರತು ಒಳಗಿನ ಕುರ್ಚಿ ಅದೇ, ಒಂದು ಕಾಲಿನ ಕೆಳಗೆ ಇಟ್ಟಿಗೆ ಇಟ್ಟದ್ದು. ಹಿಂದೆ ಸೀರೆ ಅಂಗಡಿಯ ಒಂದು ಕರಪತ್ರಕ್ಕೆ ಎರಡು ದಿನ ತಲೆ ಕೆರೆದುಕೊಳ್ಳುತ್ತಿದ್ದೆ. ಇಳಕಲ್ ಸೀರೆಯ ಸೆರಗಿಗೆ ಸರಿಯಾದ ವಿಶೇಷಣ ಸಿಗಲಿಲ್ಲವೆಂದು ಊಟ ಬಿಟ್ಟವನು ನಾನು. ಈಗ ಎಐಗೆ ‘ಹಬ್ಬದ ಆಫರ್, ಹತ್ತು ಬಗೆಯಲ್ಲಿ ಬರಿ’ ಎಂದರೆ ಕೈಯಲ್ಲಿನ ಚಹಾ ಆರುವುದರೊಳಗೆ ಹತ್ತೂ ಬಂದು ಬೀಳುತ್ತವೆ. ಅದರ ಕನ್ನಡದಲ್ಲಿ ಎಲ್ಲ ಅಂಗಡಿಗಳೂ ‘ನಿಮ್ಮ ಕನಸುಗಳ ತಾಣ’. ಗೊಬ್ಬರದ ಅಂಗಡಿಗೂ ಅದೇ, ಸ್ಟೀಲ್ ಪಾತ್ರೆಯ ಅಂಗಡಿಗೂ ಅದೇ. ಅವಸರದಲ್ಲಿ ಒಮ್ಮೆ ಮೂಲವ್ಯಾಧಿ ದವಾಖಾನೆಗೂ ಆ ವಾಕ್ಯವೇ ಹೋಯಿತು. ಅವರು ಓದಿ ಚೆನ್ನಾಗಿದೆ ಎಂದರು.

ಪಕ್ಕದ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಊರು. ಆ ಕಾಲದ ಶಾಸನಗಳನ್ನು ನೋಡಿದವರಿಗೆ ಗೊತ್ತು, ಪ್ರಚಾರ ಸಾಹಿತ್ಯ ನಿನ್ನೆ ಮೊನ್ನೆಯದಲ್ಲ. ಅರಸ ಕೊಟ್ಟ ನಾಲ್ಕು ತುಂಡು ಹೊಲದ ಸುದ್ದಿ ಹೇಳುವ ಮೊದಲು ಅವನನ್ನು ಸೂರ್ಯ, ಸಮುದ್ರ, ಸಿಂಹ ಎಂದು ಹತ್ತಾರು ಸಾಲು ಹೊಗಳುತ್ತಿದ್ದರು. ಆದರೆ ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರಿದೆ, ಕಲ್ಲು ಕೆತ್ತಿದವನ ಹೆಸರಿದೆ, ಈ ಮಾತನ್ನು ಕೆಡಿಸಿದವನಿಗೆ ಕವಿಲೆ ಹಸುವನ್ನು ಕೊಂದ ಪಾಪ ತಟ್ಟಲಿ ಎಂಬ ಶಾಪವೂ ಇದೆ. ನನ್ನ ಎಐ ಬರಹದ ಕೆಳಗೆ ಯಾರ ಹೆಸರೂ ಇರುವುದಿಲ್ಲ. ಶಾಪ ಹಾಕುವವರಿಗೆ ವಿಳಾಸವೇ ಸಿಗದಲ್ಲ ಎಂದು ನಾನು ಹಾಯಾಗಿದ್ದೆ.

ಇನ್ನು ಮಾಣಿಕಪ್ಪನ ವಿಷಯ. ಹುಡಗಿ ಎಂಬ ಪಕ್ಕದ ಊರಿನವನು, ಹುಮನಾಬಾದಿಗೆ ಬಂದು ನೆಲೆಸಿದವನು, ಅರವತ್ತರ ಆಸುಪಾಸು. ಆಟೊಗೆ ಮೈಕ್ ಕಟ್ಟಿಕೊಂಡು ಮೂವತ್ತು ವರ್ಷ ಈ ಊರಿಗೂ ಕಲ್ಯಾಣಕ್ಕೂ ಸುದ್ದಿ ಹೇಳಿದವನು. ನಳದ ನೀರು ಬರುವುದಿಲ್ಲ ಎನ್ನುವುದರಿಂದ ಹಿಡಿದು ಸರ್ಕಸ್ ಬಂದಿದೆ ಎನ್ನುವವರೆಗೆ ಎಲ್ಲ ಅವನದೇ ದನಿ. ಊರಲ್ಲಿ ಯಾರಾದರೂ ತೀರಿಕೊಂಡರೆ ಆ ಸುದ್ದಿಯನ್ನೂ ಅವನೇ ಹೇಳಬೇಕು, ಅದಕ್ಕೆ ಅವನು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆಗ ಆಟೊದ ಹಾಡು ಬಂದ್. ತಲೆಯ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ನಡುನಡುವೆ ಉಸಿರು ಬಿಟ್ಟು, ‘ಕೇಳ್ರಿ… ಕೇಳ್ರಿ… ಕೇಳ್ರಿ’ ಎಂದು ಮೂರು ಸಲ ಹೇಳುತ್ತಿದ್ದ. ಆ ಮೂರು ‘ಕೇಳ್ರಿ’ ಬಿದ್ದರೆ ಕಾಳುಕಡಿಯ ಅಡತಿ ಬಜಾರಿನಲ್ಲಿ ತೂಕ ನಿಲ್ಲುತ್ತಿತ್ತು, ಹೆಂಗಸರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುತ್ತಿದ್ದರು. ಆಮೇಲೆ ಹೆಸರು, ಓಣಿ, ಮಣ್ಣು ಅಂದರೆ ಅಂತ್ಯಕ್ರಿಯೆ ಎಷ್ಟು ಗಂಟೆಗೆ ಎಂಬುದು. ಬೇರೆ ಯಾವ ಸುದ್ದಿಗೂ ಅವನು ಹಾಗೆ ಶುರು ಮಾಡಿದವನಲ್ಲ.

ಇದನ್ನು ಗಮನಿಸಿದ್ದು ಒಬ್ಬ ಫರ್ನಿಚರ್ ಅಂಗಡಿಯ ಸಾವ್ಕಾರ. “ಇಡೀ ಊರ ನಿಂತು ಕೇಳೂ ಮಾತು ಅದೊಂದ ನೋಡ್ರಿ. ಅದರಿಂದನ ನಮ್ಮ ಜಾಹೀರಾತು ಸುರು ಆಗಬೇಕು,” ಎಂದ. ಪ್ರಚಾರದ ಬಗ್ಗೆ ಹತ್ತು ವಿಡಿಯೊ ನೋಡಿ ನಾನು ಕಲಿಯದ ಪಾಠವನ್ನು ಅವನು ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಕಲಿತಿದ್ದ. ನನಗೆ ಹೊಟ್ಟೆಕಿಚ್ಚಾಯಿತು. ಆ ಹೊಟ್ಟೆಕಿಚ್ಚಿನಲ್ಲೇ ಕೆಲಸ ಒಪ್ಪಿಕೊಂಡೆ.

ಮಾಣಿಕಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಗಂಟಲು ನೋವೆಂದು ಡಾಕ್ಟರು ಅವನಿಗೆ ಕೂಗಬೇಡ ಎಂದಿದ್ದರು. ದನಿಯನ್ನು ಎಐಗೆ ಕಲಿಸಿಬಿಟ್ಟರೆ ಅದೇ ಕೂಗುತ್ತದೆ ಎಂದು ನಾನು ಹೇಳಿದ್ದು ಅವನಿಗೆ ಹಿಡಿಸಿತ್ತು. “ಅಂಗಡಿ ಕೆಲಸ ಅದು ಮಾಡ್ಲಿ ಸರ, ಮಣ್ಣಿನ ಸುದ್ದಿ ನಾ ಹೇಳ್ತೀನಿ,” ಎಂದ. ಬರೆದುಕೊಟ್ಟದ್ದನ್ನೆಲ್ಲ ಒಂದು ತಾಸು ಓದಿದ. ಕೊನೆಗೆ ಮೂರು ‘ಕೇಳ್ರಿ’ ಹೇಳಲು ಕೇಳಿದೆ. ಅವನು ಮೈಕಿನಿಂದ ಹಿಂದೆ ಸರಿದ.

“ಅದು ಮಣ್ಣಿನ ಮಾತ ಅದರಿ ಸರ. ಸುಮ್‌ಸುಮ್ನ ಹೇಳಬಾರದು.”

“ಬರೇ ದನಿ ನೋಡಾಕ ರೀ. ಎಲ್ಲೂ ಹಾಕೂದಿಲ್ಲ,” ಎಂದೆ.

ಅವನು ನನ್ನ ಮಾತು ನಂಬಿದ. ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಮೂರು ಸಲ ಹೇಳಿ, ಒಂದು ಲೋಟ ನೀರು ಕುಡಿದು ಹೋದ. ನನ್ನ ಜೀವಮಾನದ ಸುಳ್ಳುಗಳೆಲ್ಲ ಕರಪತ್ರದಲ್ಲಿ ಅಚ್ಚಾಗಿವೆ. ಇದೊಂದನ್ನು ಮಾತ್ರ ಎದುರಿಗೆ ಕೂತು ಬಾಯಿಂದ ಹೇಳಿದೆ.

ಆ ‘ಕೇಳ್ರಿ’ಯಿಂದ ಜಾಹೀರಾತು ಶುರುವಾದ ಮೊದಲ ವಾರ ಊರು ನಿಜವಾಗಿಯೂ ನಿಂತಿತು. ಜನ ಬಾಗಿಲಿಗೆ ಬಂದು, ಎದೆಯ ಮೇಲೆ ಕೈ ಇಟ್ಟುಕೊಂಡು ಕಾದರೆ ಸೋಫಾ ಸೆಟ್ಟಿನ ಸುದ್ದಿ. ನಮ್ಮ ಓಣಿಯ ಮುದುಕಿಯೊಬ್ಬಳು ಸೋಫಾ ಅಂಗಡಿಯ ಆಟೊದವನಿಗೆ ಚಪ್ಪಲಿ ತೋರಿಸಿದಳು. ಮಾಣಿಕಪ್ಪ ಅಂಗಡಿಗೆ ಬಂದು ಒಂದು ಗಳಿಗೆ ಬಾಗಿಲಲ್ಲಿ ನಿಂತು ತಿರುಗಿ ಹೋದ. ಸೋಫಾ ಚೆನ್ನಾಗಿ ಹೋದವು. ಬಟ್ಟೆ ಅಂಗಡಿಯವರು ಕೇಳಿದರು, ಕೊಟ್ಟೆ. ಕಲ್ಯಾಣದ ಪಂಪ್‌ಸೆಟ್ಟಿನವರು ಕೇಳಿದರು, ಕೊಟ್ಟೆ. ಮೂರು ತಿಂಗಳಲ್ಲಿ ‘ಕೇಳ್ರಿ’ ಎಂದರೆ ಜನ ಬಾಗಿಲಿಗೆ ಬರುವುದು ಬಿಟ್ಟರು. ಆರು ತಿಂಗಳಲ್ಲಿ ತಲೆ ಎತ್ತುವುದನ್ನೂ ಬಿಟ್ಟರು.

ಆ ದಿನ ಬೆಳಿಗ್ಗೆ ನಾನು ಚುರುಮುರಿಯ ಸುಸಲಾ ತಿನ್ನುತ್ತಿದ್ದೆ. ಹೊರಗೆ ಆಟೊ ಬಂತು. ‘ಕೇಳ್ರಿ… ಕೇಳ್ರಿ…’ ದನಿ ಸ್ವಲ್ಪ ಒಡೆದಿತ್ತು. ಸ್ಪೀಕರ್ ಕೆಟ್ಟಿರಬೇಕು, ಆಟೊದವನಿಗೆ ಹೇಳಬೇಕು ಎಂದುಕೊಂಡೆ. ಒಳಗಿನಿಂದ ಮನೆಯವಳು, “ಯಾರರೆ ಹೋದರೇನ್ರಿ?” ಎಂದಳು.

“ಯಾರೂ ಇಲ್ಲ. ಸೋಫಾ ಅದ,” ಎಂದೆ. ಅವಳು ಚಟ್ನಿಯ ಮಿಕ್ಸರ್ ಹಾಕಿದಳು.

ಹೋದವಳು ಮಾಣಿಕಪ್ಪನ ಹೆಂಡತಿ ಕಲಾವತಿ. ಇಪ್ಪತ್ತಾರು ವರ್ಷ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ಈ ಊರಿನಲ್ಲಿ ಈಗ ಮೀಸೆ ಬಂದಿರುವ ಹುಡುಗರಲ್ಲಿ ಅರ್ಧ ಜನಕ್ಕೆ ಮೂಗು ಒರೆಸಿ, ಉಪ್ಪಿಟ್ಟು ತಿನ್ನಿಸಿದವಳು. ನನ್ನ ಮಗಳೂ ಅವಳ ಕೈಯಲ್ಲೇ ಬೆಳೆದದ್ದು. ಅವಳ ಮಣ್ಣಿಗೆ ಊರೇ ಬರಬೇಕಿತ್ತು. ಬಂದವರು ಫೋನು ಹೋಗಿ ಅವಳ ತವರು ಮುಡಬಿಯಿಂದ ಬಂದವರು, ಅವರ ಓಣಿಯ ನಾಲ್ಕು ಮನೆಯವರು, ಸ್ಟ್ಯಾಂಡಿನ ಆಟೊದವರು. ನನಗೆ ಗೊತ್ತಾಗಿದ್ದು ಸಂಜೆ, ಚಹಾದಂಗಡಿಯಲ್ಲಿ.

ಕ್ಷಮೆ ಕೇಳಿ ಒಂದು ಪತ್ರ ಬರೆಯೋಣವೆಂದು ಕೂತೆ. ಮೂವತ್ತು ವರ್ಷ ಬರೆದು ಬದುಕಿದವನಿಗೆ ಒಂದು ಸಾಲೂ ಹೊಳೆಯಲಿಲ್ಲ. ನಾಚಿಕೆಯಿಲ್ಲದೆ ಎಐಗೇ ಕೇಳಿದೆ. ಅದು ಹತ್ತು ಬಗೆಯಲ್ಲಿ ಬರೆದುಕೊಟ್ಟಿತು. ‘ನಿಮ್ಮ ದುಃಖದಲ್ಲಿ ನಾವು ಸದಾ ನಿಮ್ಮೊಂದಿಗಿದ್ದೇವೆ’ ಎಂದು ಎಂಟನೆಯದರಲ್ಲಿತ್ತು. ಹತ್ತನ್ನೂ ಅಳಿಸಿ, ಮೂರನೆಯ ದಿನ ಬರಿಗೈಯಲ್ಲಿ ಹೋದೆ.

ಮಾಣಿಕಪ್ಪ ಕಟ್ಟೆಯ ಮೇಲೆ ಕೂತಿದ್ದ. ಬರ್ರಿ ಎಂದು ಪಕ್ಕಕ್ಕೆ ಸರಿದ. ಅವನು ಕೇಳುವ ಮೊದಲೇ ನಾನು, “ಊರಾಗ ಇರಲಿಲ್ರಿ, ಕಲ್ಯಾಣಕ್ಕ ಹೋಗಿದ್ದೆ,” ಎಂದೆ. ಯಾಕೆ ಹಾಗೆ ಹೇಳಿದೆನೋ ನನಗೆ ಇಂದಿಗೂ ತಿಳಿಯದು.

“ನಿಮ್ಮ ಗಾಡಿ ಬಾಗಲದಾಗ ನಿಂತಿತ್ತಲ್ರಿ ಸರ,” ಎಂದ. “ನಿಮ್ಮ ಮನಿ ಮುಂದ ಆಟೊ ನಿಲ್ಲಸಿ ಎರಡ ಸಲ ಹೇಳಿನಿ.”

ಬೈದಿದ್ದರೆ ಎದ್ದು ಬರಬಹುದಿತ್ತು. ಅವನು ಚಹಾ ತರಿಸಿದ. ಅದು ಆರುವ ತನಕ ಕೂತು, ಕುಡಿದು ಬಂದೆ.

ಆ ದನಿಯನ್ನು ನನ್ನ ಕಂಪ್ಯೂಟರಿನಿಂದ ತೆಗೆದುಹಾಕಿದ್ದೇನೆ. ಅದರಿಂದ ಏನೂ ಆಗಲಿಲ್ಲ. ಅಂಗಡಿಗಳವರ ಬಳಿ ಅದು ಇದ್ದೇ ಇದೆ. ಸಾವ್ಕಾರನಿಗೆ ನಿಲ್ಲಿಸಿ ಎಂದರೆ, “ಛಂದ ನಡಿಯಾಕತ್ತದ, ಯಾಕ ನಿಲ್ಲಸಬೇಕ್ರಿ?” ಎನ್ನುತ್ತಾನೆ. ನಾನೂ ಅಂಗಡಿ ಮುಚ್ಚಿಲ್ಲ. ನಿನ್ನೆ ಒಂದು ಕೋಚಿಂಗ್ ಕ್ಲಾಸನ್ನು ಕನಸುಗಳ ತಾಣ ಮಾಡಿ ಕಳಿಸಿದ್ದೇನೆ. ಪಶ್ಚಾತ್ತಾಪಪಟ್ಟವನು ಕೆಲಸ ಬಿಟ್ಟ ಎಂದು ಮುಗಿಸಿದರೆ ಓದುವ ನಿಮಗೆ ಹಿತವಾಗುತ್ತಿತ್ತು, ಆದರೆ ಅಂಥ ಮುಕ್ತಾಯವನ್ನು ಬರೆಯಲು ಎಐ ಇದೆ.

ಮಾಣಿಕಪ್ಪ ಮಾತ್ರ ಮೈಕ್ ಬಿಟ್ಟಿದ್ದಾನೆ. ಯಾರಾದರೂ ತೀರಿಕೊಂಡರೆ ಈಗ ಓಣಿ ಓಣಿ ನಡೆದು, ಪ್ರತಿ ಬಾಗಿಲು ಬಡಿದು ಹೇಳುತ್ತಾನೆ. ಡಾಕ್ಟರು ಹೇಳಿದಂತೆ ಗಂಟಲಿಗೆ ವಿಶ್ರಾಂತಿ ಸಿಕ್ಕಿದೆ.

ಕಳೆದ ವಾರ ನಮ್ಮ ಬಾಗಿಲನ್ನೂ ಯಾರೋ ಬಡಿದರು. ತೆರೆದರೆ ಅವನು, ಟೊಪ್ಪಿಗೆ ಕೈಯಲ್ಲಿ. “ಖರೇ ಸುದ್ದಿ ಅದರಿ ಸರ,” ಎಂದು ಶುರು ಮಾಡಿದ. ಅಷ್ಟರಲ್ಲಿ ಓಣಿಯ ತಿರುವಿನಿಂದ ಆಟೊ ಬಂತು, ಅವನದೇ ದನಿಯಲ್ಲಿ ಮೂರು ಸಲ ‘ಕೇಳ್ರಿ’ ಎಂದಿತು. ಅವನು ಮಾತು ನಿಲ್ಲಿಸಿದ. ಸೋಫಾ, ದಿವಾನ್, ಡೈನಿಂಗ್ ಟೇಬಲ್ ಎಲ್ಲ ಮುಗಿದು ಆಟೊ ಮರೆಯಾಗುವ ತನಕ ತಲೆ ತಗ್ಗಿಸಿ ನಿಂತ. ಆಮೇಲೆ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, ಹೋದವರ ಹೆಸರು ಹೇಳಿದ.