ಸೂಜಿ ಕಾರ್ಖಾನೆ ಮುಚ್ಚಿದ ವರ್ಷ

ಇವತ್ತು ಬೆಳಿಗ್ಗೆ ರಕ್ತ ತೆಗೆದುಕೊಂಡು ಹೋಗಲು ಲ್ಯಾಬಿನ ಹುಡುಗಿ ಮನೆಗೇ ಬಂದಿದ್ದಳು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದಳು. ಆ ವಾಸನೆಗೆ ಬೇರೆಯವರಿಗೆಲ್ಲ ಆಸ್ಪತ್ರೆ ನೆನಪಾಗುತ್ತದಂತೆ. ನನಗೆ ಟೈಪ್‌ರೈಟರ್ ನೆನಪಾಗುತ್ತದೆ. ರಿಬ್ಬನ್ನಿನ ಮಸಿಗೆ ಧೂಳು ಸೇರಿ ಹೊಟ್ಟೆಯಿರುವ ಅಕ್ಷರಗಳೆಲ್ಲ ತುಂಬಿಹೋಗಿ, ಕಾಗದದ ಮೇಲೆ ಬರೀ ಕಪ್ಪು ಚುಕ್ಕೆ ಬೀಳುತ್ತಿತ್ತು. ವಾರಕ್ಕೊಮ್ಮೆ ಹಳೆಯ ಟೂತ್‌ಬ್ರಷ್ಷಿಗೆ ಸ್ಪಿರಿಟ್ ಹಾಕಿ ಉಜ್ಜಬೇಕು. ನಾನು ಆ ಕೆಲಸವನ್ನು ಮೂವತ್ತು ವರ್ಷ ಮಾಡಿದೆ. ಹುಡುಗಿ, “ನೋವಾಯ್ತಾ ಅಜ್ಜಿ?” ಎಂದಳು. ಇಲ್ಲಮ್ಮ ಎಂದೆ. ಮುಖದಲ್ಲಿ ಬೇರೇನೋ ಕಂಡಿರಬೇಕು.

ನಾನು ಟೈಪಿಸ್ಟ್ ಆದದ್ದು ಅಣ್ಣನಿಂದ. ನಾನಿನ್ನೂ ಮಿಡ್ಲ್‌ಸ್ಕೂಲಿನಲ್ಲಿದ್ದಾಗಲೇ ಅಪ್ಪ ಹೋದರು. ವರ್ಷ ತುಂಬುವುದರೊಳಗೆ ಅಮ್ಮನೂ. ನನಗಿಂತ ಎಂಟು ವರ್ಷಕ್ಕೆ ದೊಡ್ಡವನಾದ ಅಣ್ಣ ಶ್ರೀಕಂಠ ಹನುಮಂತನಗರದ ವಠಾರದ ಎರಡು ಕೋಣೆಯಲ್ಲಿ ನನ್ನನ್ನು ಸಾಕಿದ. ಎಸ್ಸೆಸ್ಸೆಲ್ಸಿ ಮುಗಿದಾಗ ನೆಂಟರೆಲ್ಲ ಸೇರಿ ಮದುವೆ ಮಾಡಿಬಿಡು ಎಂದರು. ಅವನು ನನ್ನನ್ನು ಗಾಂಧಿಬಜಾರಿನ ಹತ್ತಿರದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿ ಬಂದ. ನೆಂಟರು ಆಮೇಲೆ ಒಂದೆರಡು ವರ್ಷ ನಮ್ಮ ಮನೆಗೆ ಬರಲಿಲ್ಲ. ಕಾಫಿಪುಡಿ ಉಳಿಯಿತು ಎಂದು ಅತ್ತಿಗೆ ನಗುತ್ತಿದ್ದರು. ಅತ್ತಿಗೆ ಆಗಷ್ಟೇ ಮನೆತುಂಬಿದ್ದರು. ನನಗಿಂತ ನಾಲ್ಕೇ ವರ್ಷ ದೊಡ್ಡವರು.

ಕೆಲಸ ಸಿಕ್ಕಿದ್ದು ಜಯನಗರದ ಒಬ್ಬ ವಕೀಲರ ಹತ್ತಿರ. ಜಯನಗರ ಎಂದರೆ ಈಗಿನದನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ನಾಲ್ಕು ಮನೆ ಎದ್ದಿದ್ದರೆ ಹತ್ತು ಸೈಟಿನಲ್ಲಿ ಬರೀ ಗೂಟ ಇರುತ್ತಿತ್ತು. ವಕೀಲರು ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡಿದ್ದರು. ಅವರದು ಕಂಪನಿಗಳ ಕೇಸು. ಲಿಕ್ವಿಡೇಟರ್ ಎಂಬ ಮಾತನ್ನು ಮೊದಲು ಕೇಳಿದಾಗ ನೀರು ಸರಬರಾಜಿನವರೇನೋ ಎಂದುಕೊಂಡಿದ್ದೆ. ದಿವಾಳಿಯಾದ ಕಂಪನಿಗೆ ಬೀಗ ಹಾಕಿ, ಇದ್ದದ್ದನ್ನು ಮಾರಿ, ಸಾಲ ಕೊಟ್ಟವರಿಗೆ ಹಂಚುವ ಅಧಿಕಾರಿ ಎಂದು ತಿಳಿಯಲು ಒಂದು ತಿಂಗಳು ಹಿಡಿಯಿತು. ಮೊದಲ ದಿನವೇ ವಕೀಲರು ಎದುರಿಗೆ ನಿಲ್ಲಿಸಿಕೊಂಡು, “ನೋಡಮ್ಮ, ಇಲ್ಲಿ ಟೈಪ್ ಮಾಡಿದ್ದು ಬೆರಳಲ್ಲೇ ಉಳೀಬೇಕು, ಬಾಯಿಗೆ ಬರಬಾರದು” ಎಂದಿದ್ದರು. ಆ ಮಾತಿನಿಂದ ನನಗೆ ಎಷ್ಟು ಕೋಡು ಬಂದಿತೆಂದರೆ, ಆಫೀಸಿನಲ್ಲಿ ಏನಾಯಿತು ಎಂದು ಮನೆಯಲ್ಲಿ ಅತ್ತಿಗೆ ಕೇಳಿದರೂ ಜಡ್ಜಿಯ ಹಾಗೆ ಮುಖ ಮಾಡಿಕೊಂಡು ಸುಮ್ಮನಿರುತ್ತಿದ್ದೆ. ಹುಳಿಗೆ ಉಪ್ಪು ಸಾಕೋ ಎಂದು ಕೇಳಿದರೂ ಯೋಚಿಸಿ ಹೇಳುತ್ತಿದ್ದೆ ಎಂದು ಅವರು ಅಣ್ಣನಿಗೆ ಚಾಡಿ ಹೇಳುತ್ತಿದ್ದರು.

ಅಣ್ಣ ಸಿದ್ದಾಪುರದ ಕಡೆ ಇದ್ದ ಸೂಜಿ ಕಾರ್ಖಾನೆಯಲ್ಲಿ ಫೋರ್‌ಮನ್. ಹೊಲಿಗೆ ಯಂತ್ರದ ಸೂಜಿ. ಕಾರ್ಖಾನೆ ಶುರುವಾದ ದಿನದಿಂದಲೂ ಇದ್ದವನು. ಸೂಜಿಗೆ ಕಣ್ಣು ಕೊರೆಯುವ ಯಂತ್ರಗಳು ಅವನ ವಶದಲ್ಲಿದ್ದವು. ಆ ಕೆಲಸ ಗೊತ್ತಿದ್ದವರು ಊರಿನಲ್ಲಿ ನಾಲ್ಕೈದು ಜನ ಇದ್ದರೇನೋ, ನಾಲ್ವರು ಅಲ್ಲೇ ಇದ್ದರು. ಮನೆಗೆ ಬಂದರೂ ಅವನ ಅಂಗಿಯಿಂದ ಎಣ್ಣೆ ವಾಸನೆ ಹೋಗುತ್ತಿರಲಿಲ್ಲ.

ಅರವತ್ತರ ದಶಕದ ನಡುವಿನ ಆ ವರ್ಷಗಳು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಯುದ್ಧ ಮುಗಿದಿತ್ತು, ಮಳೆ ಬಂದಿರಲಿಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ನಾನೂ ಅತ್ತಿಗೆಯೂ ಪಾಳಿಯ ಮೇಲೆ ನಿಲ್ಲುತ್ತಿದ್ದೆವು. ಅಕ್ಕಿಯ ಬದಲು ಜೋಳ ಕೊಟ್ಟ ದಿನ ಅತ್ತಿಗೆ ಅತ್ತೇಬಿಟ್ಟರು, ರೊಟ್ಟಿ ತಟ್ಟಲು ಬರುವುದಿಲ್ಲ ಎಂದು. ಅದರ ಮೇಲೆ ಸರ್ಕಾರ ರೂಪಾಯಿಯ ಬೆಲೆ ಇಳಿಸಿತು. ನಮಗೂ ಅದಕ್ಕೂ ಏನು ಸಂಬಂಧ ಎಂದು ನಾನು ಕೇಳಿದ್ದೆ. ಸೂಜಿಯ ತಂತಿ ಹೊರದೇಶದಿಂದ ಬರಬೇಕು, ಒಂದೇ ದಿನದಲ್ಲಿ ಅದರ ಬೆಲೆ ಒಂದೂವರೆಪಟ್ಟಾಯಿತು ಎಂದು ಅಣ್ಣ ವಿವರಿಸಿದ. ಸೂಜಿಯನ್ನು ಆ ಬೆಲೆಗೆ ಕೊಳ್ಳುವ ದರ್ಜಿ ಇರಲಿಲ್ಲ. ಕಾರ್ಖಾನೆ ಮೂರು ಪಾಳಿಯಿಂದ ಒಂದಕ್ಕೆ ಬಂತು. ಸಂಬಳ ತಡವಾಯಿತು, ಆಮೇಲೆ ನಿಂತಿತು.

ಕಾರ್ಖಾನೆಯ ಯಜಮಾನರು ಕೋರ್ಟಿಗೆ ಒಂದು ಸ್ಕೀಮು ಹಾಕಿದರು. ಸಾಲ ಕೊಟ್ಟವರು ಮೂರು ವರ್ಷ ತಡೆದುಕೊಂಡರೆ, ಕೆಲಸಗಾರರು ಬಾಕಿ ಸಂಬಳದಲ್ಲಿ ಅರ್ಧ ಬಿಟ್ಟುಕೊಟ್ಟರೆ, ಕಾರ್ಖಾನೆ ಚೇತರಿಸಿಕೊಳ್ಳುತ್ತದೆ ಎಂದು. ಕೆಲಸಗಾರರೆಲ್ಲ ಒಪ್ಪಿ ಸಹಿ ಹಾಕಿದರು. ತಂತಿ ಮಾರುವವನು, ಪೆಟ್ಟಿಗೆ ಮಾಡಿಕೊಡುವವನು ಕೂಡ ಒಪ್ಪಿದರು. ಆದರೆ ಅಂಥ ಸ್ಕೀಮು ನಿಲ್ಲಬೇಕಾದರೆ ಒಟ್ಟು ಸಾಲದಲ್ಲಿ ಮುಕ್ಕಾಲು ಪಾಲು ಕೊಟ್ಟವರು ಸಭೆಯಲ್ಲಿ ಹೂಂ ಎನ್ನಬೇಕು. ಅರ್ಧಕ್ಕಿಂತ ಹೆಚ್ಚು ಸಾಲ ಒಂದೇ ಬ್ಯಾಂಕಿನದು. ಆ ಬ್ಯಾಂಕಿನ ವಕೀಲರು ನಮ್ಮ ವಕೀಲರೇ.

ಒಂದು ಶುಕ್ರವಾರ ಅವರು ಹೇಳುತ್ತಾ ಹೋದ ಪತ್ರವನ್ನು ನಾನು ಬರೆದುಕೊಂಡು ಟೈಪ್ ಮಾಡಿದೆ. ಯಜಮಾನರಿಗೆ ಬರೆದದ್ದು. ಬ್ಯಾಂಕು ಈ ಸ್ಕೀಮಿಗೆ ಒಪ್ಪುವುದಿಲ್ಲ, ಸಭೆಯಲ್ಲಿ ವಿರುದ್ಧ ಮತ ಹಾಕುತ್ತದೆ, ಕಂಪನಿ ಮುಚ್ಚಿಸಲು ಅರ್ಜಿಯನ್ನೂ ಹಾಕುತ್ತದೆ. ಒಂದು ಪುಟವೂ ಇರಲಿಲ್ಲ. ಕಂಪನಿಯ ಹೆಸರು ಟೈಪ್ ಮಾಡುವಾಗ ನನ್ನ ಕೈ ನಡುಗಿತೆಂದು ಹೇಳಬೇಕು, ನಡುಗಲಿಲ್ಲ. ಪತ್ರದ ಕೆಳಗೆ ಎಡಮೂಲೆಯಲ್ಲಿ ವಾಡಿಕೆಯಂತೆ ವಕೀಲರ ಇನಿಷಿಯಲ್ಲು, ಪಕ್ಕದಲ್ಲಿ ಗೆರೆ ಎಳೆದು ನನ್ನ ಇನಿಷಿಯಲ್ಲು ಹಾಕಿದೆ. ಲಕೋಟೆ ಅಂಟಿಸಿ ರಿಜಿಸ್ಟರ್ ಪೋಸ್ಟಿಗೆ ಕೊಟ್ಟು ಬಂದೆ.

ಮುಂದಿನ ವಾರ ಒಂದು ಸಂಜೆ ಗುಡ್ಡದ ದೇವಸ್ಥಾನಕ್ಕೆ ಹೋಗಿದ್ದೆವು. ಇಳಿಯುವಾಗ ಅತ್ತಿಗೆ ಹೂವಿನವಳ ಹತ್ತಿರ ನಿಂತರು. ಅಣ್ಣ ಮೆಟ್ಟಿಲ ಮೇಲೆ ಕೂತು ಜೇಬಿನಿಂದ ಒಂದು ಕಾಗದ ತೆಗೆದ. ಊರಿನ ಆ ತುದಿಯ ಒಂದು ಸರ್ಕಾರಿ ಕಾರ್ಖಾನೆಯಿಂದ ಬಂದ ಕೆಲಸದ ಆರ್ಡರ್. ಹದಿನೈದು ದಿನದಲ್ಲಿ ಬಂದು ಸೇರಬೇಕು, ಇಲ್ಲವಾದರೆ ಮುಂದಿನವನಿಗೆ. ನನಗೆ ಎದೆ ಹಗುರಾಯಿತು. ಆದರೆ ಅವನ ಯೋಚನೆ ಬೇರೆಯೇ ಇತ್ತು. ಯಜಮಾನರು ಹಿಂದಿನ ದಿನ ಕರೆಸಿ, ಬ್ಯಾಂಕಿನವರು ಹೆಚ್ಚುಕಮ್ಮಿ ಒಪ್ಪಿದ್ದಾರೆ, ಕಣ್ಣು ಕೊರೆಯುವವರು ಬಿಟ್ಟುಹೋದರೆ ಮಾತ್ರ ಎಲ್ಲ ಕೆಡುತ್ತದೆ, ನಡೆಯದ ಕಾರ್ಖಾನೆಯನ್ನು ಕೋರ್ಟು ಯಾಕೆ ಉಳಿಸುತ್ತದೆ ಎಂದಿದ್ದರಂತೆ. ನಾನೊಬ್ಬ ಹೋದರೆ ಉಳಿದ ಎಂಬತ್ತು ಜನದ ಗತಿಯೇನು ಎಂಬುದು ಅವನ ಲೆಕ್ಕ.

“ನಿಮ್ಮ ಆಫೀಸಿಗೆ ಇಂಥವೆಲ್ಲ ಬರ್ತಾವಲ್ಲ, ನೀನು ನೋಡಿರ್ತೀಯ. ಈ ಸ್ಕೀಮು ಕೋರ್ಟಲ್ಲಿ ನಿಲ್ಲುತ್ತಾ?” ಎಂದು ಕೇಳಿದ.

ನಮ್ಮ ವಕೀಲರು ಯಾರ ಪರ ಎಂದು ಅವನಿಗೆ ಗೊತ್ತಿರಲಿಲ್ಲ. ನಾನೇ ಯಾವ ಹೆಸರನ್ನೂ ಮನೆಗೆ ತಂದವಳಲ್ಲವಲ್ಲ.

“ನಂಗೇನು ಗೊತ್ತಣ್ಣ. ನಾನು ಬರೀ ಟೈಪಿಸ್ಟು” ಎಂದೆ.

ಅವನು ನಕ್ಕು, ಅದೂ ಸರಿ ಎಂದು ಕಾಗದ ಮಡಚಿ ಇಟ್ಟುಕೊಂಡ. ಅಷ್ಟರಲ್ಲಿ ಅತ್ತಿಗೆ ಹೂವು ತಂದರು.

ಆ ಹದಿನೈದು ದಿನ ನಾನು ಏನು ಮಾಡುತ್ತಿದ್ದೆ ಎಂದು ನೀವು ಕೇಳಬಹುದು. ಆಫೀಸಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಹೋಗಣ್ಣ, ಸೇರಿಕೋ ಎಂದು ಕಾರಣ ಹೇಳದೆಯೇ ಅನ್ನಬಹುದಿತ್ತು. ಅದಕ್ಕೆ ವಕೀಲರ ಮಾತು ಅಡ್ಡ ಬರುತ್ತಿರಲಿಲ್ಲ. ಅದು ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಆಗ ಹೊಳೆಯಲೇ ಇಲ್ಲ ಎಂದರೆ ಅದೂ ಸುಳ್ಳೇನೋ. ಗುಟ್ಟು ಕಾಯುವುದರಲ್ಲಿ ಒಂದು ಸುಖ ಇರುತ್ತದೆ. ಇಪ್ಪತ್ತೊಂದು ವರ್ಷದ ನನಗೆ ಅದು ಹತ್ತಿತ್ತು.

ಅಣ್ಣ ಆ ಕೆಲಸಕ್ಕೆ ಹೋಗಲಿಲ್ಲ. ಸಭೆ ಅರ್ಧ ಗಂಟೆಯಲ್ಲಿ ಮುಗಿಯಿತು. ಕೆಲವು ತಿಂಗಳ ಮೇಲೆ ಕಂಪನಿ ಮುಚ್ಚಲು ಹೈಕೋರ್ಟಿನ ಆಜ್ಞೆಯಾಯಿತು. ಲಿಕ್ವಿಡೇಟರ್ ಕಡೆಯವರು ಬಂದು ಬಾಗಿಲಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದರು. ಒಳಗಿನ ಯಂತ್ರಗಳ ಹೆಸರು ಅವರಿಗೆ ಗೊತ್ತಿರಲಿಲ್ಲ, ಅಣ್ಣನನ್ನೇ ಕರೆಸಿದರು. ಹತ್ತು ಹನ್ನೊಂದು ದಿನ ಅವನು ಯಂತ್ರದಿಂದ ಯಂತ್ರಕ್ಕೆ ಹೋಗಿ ಹೆಸರು ಹೇಳಿ ಬರೆಸಿದ. ಹರಾಜಿನವರು ನೋಡುವಾಗ ತುಕ್ಕು ಕಾಣಬಾರದೆಂದು ಎಲ್ಲಕ್ಕೂ ಎಣ್ಣೆ ಬಿಟ್ಟನಂತೆ. ಆಮೇಲೆ ಯಜಮಾನರ ಕೋಣೆಯ ಫೈಲುಗಳನ್ನು ಕಟ್ಟಿಕೊಡಲು ಹೇಳಿದರು. ಅಲ್ಲಿ ಆ ಪತ್ರ ಇತ್ತು.

ಅವತ್ತು ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ. ಅತ್ತಿಗೆ ನೀರು ತರಲು ಹಿತ್ತಲಿಗೆ ಹೋದಾಗ, ಆ ಪತ್ರವನ್ನು ಟೈಪ್ ಮಾಡಿದ್ದು ನೀನೇನಾ ಎಂದು ಕೇಳಿದ. ಹೂಂ ಎಂದೆ. ಅನ್ನ ಕಲಸುತ್ತಾ, “ಯಜಮಾನರಿಗೂ ಗೊತ್ತಿತ್ತು, ನಿಂಗೂ ಗೊತ್ತಿತ್ತು” ಎಂದ. ಎರಡು ತುತ್ತು ಉಂಡು, “ಒಂದು ತಪ್ಪೂ ಇಲ್ಲ ಕಣೆ” ಎಂದ. ಟೈಪಿಂಗ್ ಬಗ್ಗೆ ಹೇಳಿದನೋ, ನನ್ನ ಬಗ್ಗೆಯೋ, ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಅತ್ತಿಗೆ ಬಂದರು. ಮಾತು ಅಲ್ಲಿಗೆ ನಿಂತಿತು. ಅವನು ಬದುಕಿರುವವರೆಗೂ ನಿಂತೇ ಇತ್ತು.

ಕೆಲಸ ಬಿಟ್ಟೆ ಎಂದು ಹೇಳಿದರೆ ನಿಮಗೆ ನನ್ನ ಮೇಲೆ ಕೊಂಚ ಗೌರವ ಬರುತ್ತಿತ್ತು. ಬಿಡಲಿಲ್ಲ. ಮನೆಗೆ ಬರುತ್ತಿದ್ದ ಸಂಬಳ ಅದೊಂದೇ. ಸರ್ಕಾರಿ ಕಾರ್ಖಾನೆಗೆ ಅಣ್ಣ ಹೋಗಿ ಕೇಳಿದ, ಮುಂದಿನವನು ಸೇರಿಯಾಗಿತ್ತು. ಆಮೇಲೆ ಸೈಕಲ್ಲಿಗೆ ಒಂದು ಪೆಟ್ಟಿಗೆ ಕಟ್ಟಿಕೊಂಡು ಜಯನಗರ, ಬನಶಂಕರಿಯ ಮನೆಮನೆಗೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡಿದ. ಐವತ್ತು ತುಂಬುವ ಮೊದಲೇ ಎದೆನೋವಿನಿಂದ ಹೋದ. ಕೆಲಸಗಾರರ ಬಾಕಿ ಎಂದು ಲಿಕ್ವಿಡೇಟರಿಂದ ಒಂದು ಚೆಕ್ಕು ಬಂದಾಗ ಅವನ ತಿಥಿ ಎರಡು ಆಗಿದ್ದವು.

ಅಂದಿನಿಂದ ನಾನೂ ಅತ್ತಿಗೆಯೂ ಒಟ್ಟಿಗೇ ಇದ್ದೇವೆ. ನಾನು ಮದುವೆಯಾಗಲಿಲ್ಲ, ಅವರಿಗೆ ಮಕ್ಕಳಾಗಲಿಲ್ಲ. ನಾದಿನಿ ಇಲ್ಲದಿದ್ದರೆ ನಾವು ಬೀದಿಪಾಲಾಗುತ್ತಿದ್ದೆವು ಎಂದು ಬಂದವರೆದುರಿಗೆಲ್ಲ ಹೇಳುತ್ತಾರೆ. ಪ್ರತಿ ಸಲವೂ ನಾನು ಒಳಗೆ ಎದ್ದು ಹೋಗುತ್ತೇನೆ. ಅದನ್ನೂ ನನ್ನ ಸಂಕೋಚ ಎಂದೇ ತಿಳಿದಿದ್ದಾರೆ.

ಇವತ್ತು ಲ್ಯಾಬಿನ ಹುಡುಗಿ ಹೋದ ಮೇಲೆ ಅತ್ತಿಗೆ ಕಾಫಿ ತಂದುಕೊಟ್ಟರು. ಎದುರಿಗೆ ಕೂತು ಅಣ್ಣನ ಮಾತೆತ್ತಿದರು, ದಿನವೂ ಎತ್ತುವ ಹಾಗೆ. ಸೂಜಿ ಚುಚ್ಚಿಸಿಕೊಳ್ಳುವುದೆಂದರೆ ಅವನಿಗೆ ಎಷ್ಟು ಭಯ ಎಂದು. ನಾನು ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಪತ್ರ, ಮೆಟ್ಟಿಲು, ಅವನು ಕೇಳಿದ್ದು, ನಾನು ಅಂದದ್ದು.

ಅತ್ತಿಗೆ ಪೂರ್ತಿ ಕೇಳಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಹೋಗಲಿ ಬಿಡು ಎನ್ನುತ್ತಾರೆ ಎಂದೂ ಎಲ್ಲೋ ಆಸೆಯಿತ್ತು.

“ಇದನ್ನ ಈಗ ಯಾಕೆ ಹೇಳ್ದೆ?” ಎಂದರು. “ಅವರು ಹೇಳದೇನೇ ಹೋದ್ರು. ಹಣೆಬರಹ ಅಂದ್ಕೊಂಡು ನಾನು ಹೇಗೋ ಇದ್ದೆ. ಈ ವಯಸ್ಸಲ್ಲಿ ಇದನ್ನ ಇಟ್ಕೊಂಡು ನಾನೇನು ಮಾಡ್ಲಿ?”

ಎದ್ದು ಕೋಣೆಗೆ ಹೋದರು. ಮಧ್ಯಾಹ್ನ ನಾನೇ ಅಡುಗೆ ಮಾಡಿ ಕರೆದೆ. ಬಂದರು, ಬಡಿಸಿಕೊಂಡರು, ನನಗೂ ಬಡಿಸಿದರು. ಮಜ್ಜಿಗೆಯ ಹೊತ್ತಿಗೆ, ಇನ್ನು ಮುಂದೆ ಅವರ ವಿಷಯ ನಾವಿಬ್ಬರೂ ಮಾತಾಡುವುದು ಬೇಡ ಎಂದರು. ನಮ್ಮಿಬ್ಬರಿಗೂ ಇದ್ದ ಮಾತೇ ಅದೊಂದು. ಹೂಂ ಎಂದು ತಟ್ಟೆಗಳನ್ನು ತೆಗೆದೆ.